ನೆಲದಡಿಯ ಎಣ್ಣೆ ಯಾರದ್ದು? ಇರಾನಿನ 1953ರ ಕಥೆ

ಇರಾನಿಗೂ ಅಮೆರಿಕಕ್ಕೂ ಯಾಕಿಷ್ಟು ಹಗೆ? ಟಿವಿಯಲ್ಲಿ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಉತ್ತರ ಹೇಳುವವರು ಹೆಚ್ಚಾಗಿ 1979ರಿಂದ ಶುರುಮಾಡುತ್ತಾರೆ. ಧರ್ಮಗುರು ಖೊಮೇನಿ ಬಂದರು, ವಿದ್ಯಾರ್ಥಿಗಳು ಅಮೆರಿಕದ ರಾಯಭಾರ ಕಚೇರಿಗೆ ನುಗ್ಗಿದರು, 52 ಜನರನ್ನು 444 ದಿನ ಒತ್ತೆಯಾಗಿ ಇಟ್ಟುಕೊಂಡರು, ಅಲ್ಲಿಂದ ಎಲ್ಲ ಕೆಟ್ಟಿತು ಅನ್ನುತ್ತಾರೆ. ಇದರಲ್ಲಿ ಸುಳ್ಳೇನಿಲ್ಲ. ಆದರೆ ಕಥೆಯನ್ನು ಮಧ್ಯದಿಂದ ಹೇಳಿದ ಹಾಗಾಯಿತು. ಇರಾನಿನವರು ಲೆಕ್ಕ ಶುರುಮಾಡುವುದು ಬೇರೆ ದಿನದಿಂದ. ಅವರ ಪಂಚಾಂಗದಲ್ಲಿ ಅದು ಮೊರ್ದಾದ್ ತಿಂಗಳ 28. ನಮ್ಮ ಲೆಕ್ಕದಲ್ಲಿ 1953ರ ಆಗಸ್ಟ್ 19.

ಅವತ್ತು ಇರಾನಿನ ಪ್ರಧಾನಿ ಮೊಹಮ್ಮದ್ ಮೊಸಾದೆಗ್ ಅವರ ಮನೆಯ ಮೇಲೆ ಟ್ಯಾಂಕುಗಳು ಗುಂಡು ಹಾರಿಸಿದವು. ಸಂಸತ್ತಿನ ಮತ ಪಡೆದು ಅಧಿಕಾರಕ್ಕೆ ಬಂದಿದ್ದ ಪ್ರಧಾನಿ ಅವರು. ಅವರನ್ನು ಇಳಿಸುವ ಯೋಜನೆ ತಯಾರಾದದ್ದು ಲಂಡನ್ನಿನಲ್ಲಿ ಮತ್ತು ವಾಷಿಂಗ್ಟನ್ನಿನಲ್ಲಿ. ರಾಜ ಇರಲಿ, ಆದರೆ ಆಳುವ ಕೆಲಸ ಸಂಸತ್ತು ಮಾಡಲಿ ಅನ್ನುವ ಒಂದು ದಾರಿ ಆ ದೇಶದಲ್ಲಿ ಐವತ್ತು ವರ್ಷಗಳಿಂದ ಕಷ್ಟಪಟ್ಟು ಬೆಳೆಯುತ್ತಿತ್ತು. ಆ ದಾರಿ ಅವತ್ತು ಮುಚ್ಚಿತು. ಮುಂದೆ 1979ರಲ್ಲಿ ಜನ ಇನ್ನೊಂದು ದಾರಿ ಹಿಡಿದದ್ದು ಯಾಕೆ ಅಂತ ತಿಳಿಯಬೇಕಾದರೆ ಈ ಮುಚ್ಚಿದ ದಾರಿಯನ್ನು ನೋಡಲೇಬೇಕು.

ಶುರುವಾದದ್ದು ಒಂದು ಗುತ್ತಿಗೆಯಿಂದ

1901ರಲ್ಲಿ ಇರಾನನ್ನು ಆಳುತ್ತಿದ್ದವನು ಕಜಾರ್ ವಂಶದ ಶಾ, ಅಂದರೆ ರಾಜ, ಮೊಝಫ್ಫರುದ್ದೀನ್. ಖಜಾನೆ ಖಾಲಿ, ಸಾಲ ಬೆಟ್ಟದಷ್ಟು. ಆಗ ವಿಲಿಯಂ ನಾಕ್ಸ್ ಡಾರ್ಸಿ ಅನ್ನುವ ಬ್ರಿಟಿಷ್ ಹಣವಂತ, ಆಸ್ಟ್ರೇಲಿಯಾದ ಚಿನ್ನದ ಗಣಿಯಲ್ಲಿ ಸಂಪಾದಿಸಿದ್ದವನು, ಒಂದು ಒಪ್ಪಂದ ಮಾಡಿಕೊಂಡ. ದೇಶದ ಬಹುಪಾಲು ನೆಲದಲ್ಲಿ ಎಣ್ಣೆ ಹುಡುಕುವ, ತೆಗೆಯುವ, ಮಾರುವ ಹಕ್ಕು 60 ವರ್ಷ ಅವನದು. ಬದಲಿಗೆ ಶಾ ಸರ್ಕಾರಕ್ಕೆ 20,000 ಪೌಂಡ್ ನಗದು, ಅಷ್ಟೇ ಬೆಲೆಯ ಷೇರು, ಮತ್ತು ವರ್ಷದ ನಿವ್ವಳ ಲಾಭದಲ್ಲಿ ನೂರಕ್ಕೆ 16.

ಈ 16ನ್ನು ನೆನಪಿಡಿ. ಜಗಳವೆಲ್ಲ ಇದರ ಸುತ್ತಲೇ ಬೆಳೆಯಿತು.

ಏಳು ವರ್ಷ ತೋಡಿದರೂ ಹೇಳಿಕೊಳ್ಳುವಷ್ಟು ಎಣ್ಣೆ ಸಿಗಲಿಲ್ಲ. ಹಣ ಮುಗಿಯುತ್ತಾ ಬಂತು. 1908ರ ಮೇ ತಿಂಗಳಲ್ಲಿ ಮಸ್ಜಿದ್ ಸುಲೇಮಾನ್ ಅನ್ನುವ ಜಾಗದಲ್ಲಿ ಎಣ್ಣೆ ಚಿಮ್ಮಿತು. ಮರುವರ್ಷ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿ ಹುಟ್ಟಿತು. ಇಂದು ನಾವು ಬಿಪಿ ಅಂತ ಕರೆಯುವ ಕಂಪನಿ ಇದೇ. ಅದೇ ಹೊತ್ತಿಗೆ ಬ್ರಿಟಿಷ್ ನೌಕಾಪಡೆ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಬದಲಾಗುತ್ತಿತ್ತು. ನೌಕಾಪಡೆಯ ಮಂತ್ರಿ ವಿನ್‌ಸ್ಟನ್ ಚರ್ಚಿಲ್. 1914ರಲ್ಲಿ, ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ, ಬ್ರಿಟಿಷ್ ಸರ್ಕಾರವೇ ಕಂಪನಿಯ ಅರ್ಧಕ್ಕಿಂತ ಜಾಸ್ತಿ ಷೇರು ಕೊಂಡುಕೊಂಡಿತು. ಅಂದರೆ ಇರಾನ್ ಇನ್ನು ಮುಂದೆ ವ್ಯವಹಾರ ಮಾಡಬೇಕಾದದ್ದು ಒಬ್ಬ ವ್ಯಾಪಾರಿಯ ಜೊತೆ ಅಲ್ಲ, ಒಂದು ಸಾಮ್ರಾಜ್ಯದ ಜೊತೆ.

ಹಾಗಂತ ಇರಾನಿನ ಜನ ಸುಮ್ನೆ ಕೂತಿರಲಿಲ್ಲ. 1905ರಿಂದಲೇ ಅಲ್ಲಿ ಸಂವಿಧಾನಕ್ಕಾಗಿ ಚಳವಳಿ ನಡೆದಿತ್ತು. ವ್ಯಾಪಾರಿಗಳು, ಧರ್ಮಗುರುಗಳು, ಓದಿದ ಯುವಕರು ಒಟ್ಟಾಗಿ ಶಾನಿಂದ ಸಂವಿಧಾನ ಪಡೆದರು. 1906ರಲ್ಲಿ ಮಜ್ಲಿಸ್, ಅಂದರೆ ಸಂಸತ್ತು, ಸೇರಿತು. ಏಷ್ಯಾದಲ್ಲಿ ಇಷ್ಟು ಬೇಗ ಇಂಥದ್ದು ನಡೆದ ದೇಶಗಳು ತೀರಾ ಕಡಿಮೆ. ಮರುವರ್ಷವೇ ಬ್ರಿಟನ್ ಮತ್ತು ರಷ್ಯಾ ಕೂತು, ಇರಾನನ್ನು ಕೇಳದೆ, ಅದನ್ನು ತಮ್ಮ ತಮ್ಮ ಪ್ರಭಾವದ ಸೀಮೆಗಳಾಗಿ ಹಂಚಿಕೊಂಡವು. 1908ರಲ್ಲಿ ಶಾನ ಪರವಾಗಿ ರಷ್ಯನ್ ಅಧಿಕಾರಿಗಳ ಕೈಕೆಳಗಿನ ಪಡೆ ಮಜ್ಲಿಸ್ ಕಟ್ಟಡಕ್ಕೇ ಫಿರಂಗಿ ಹಾರಿಸಿತು. ಹೊರಗಿನವರು ಬಂದು ನಮ್ಮ ಸಂಸತ್ತನ್ನು ಮುರಿಯುತ್ತಾರೆ ಅನ್ನುವ ನೆನಪು 1953ಕ್ಕೂ ಮೊದಲೇ ಅಲ್ಲಿ ಇತ್ತು.

ಅಬಾದಾನ್

ಪರ್ಷಿಯನ್ ಕೊಲ್ಲಿಯ ತಲೆಯಲ್ಲಿ ಅಬಾದಾನ್ ಅನ್ನುವ ದ್ವೀಪವಿದೆ. ಕಂಪನಿ ಅಲ್ಲಿ ಕಟ್ಟಿದ ತೈಲ ಶುದ್ಧೀಕರಣ ಘಟಕ 1950ರ ಹೊತ್ತಿಗೆ ಜಗತ್ತಿನಲ್ಲೇ ದೊಡ್ಡದಾಗಿತ್ತು. ಬ್ರಿಟಿಷ್ ಅಧಿಕಾರಿಗಳಿಗೆ ಹುಲ್ಲುಹಾಸಿನ ಬಂಗಲೆ, ಈಜುಕೊಳ, ಕ್ಲಬ್ಬು. ಇರಾನಿ ಕೂಲಿಗಳ ಒಂದು ಕೇರಿಯ ಹೆಸರು ಕಾಗಝಾಬಾದ್. ಕಾಗದದ ಊರು ಅಂತ ಅರ್ಥ. ನೀರಿನ ನಲ್ಲಿ ಇಲ್ಲ, ಕರೆಂಟಿಲ್ಲ, ಬೇಸಿಗೆಯಲ್ಲಿ ನೆಲ ಕಾದ ಹೆಂಚು. ಮಧ್ಯದ ಕೆಲಸಗಳಿಗೆ ಕಂಪನಿ ಭಾರತದಿಂದ ಜನರನ್ನು ಕರೆಸಿಕೊಳ್ಳುತ್ತಿತ್ತು. ಗುಮಾಸ್ತರು, ಫಿಟ್ಟರುಗಳು, ಕಾವಲುಗಾರರು ಇಲ್ಲಿಂದ ಹೋದರು. ಇವರೂ ಸುಖವಾಗಿರಲಿಲ್ಲ. 1920ರ ದಶಕದ ಆರಂಭದಲ್ಲಿ ಅಬಾದಾನಿನಲ್ಲಿ ಮುಷ್ಕರ ಹೂಡಿದವರಲ್ಲಿ ಭಾರತದ ಕಾರ್ಮಿಕರೂ ಇದ್ದರು.

ಈಗ ಆ 16ಕ್ಕೆ ಬರೋಣ. ನೂರಕ್ಕೆ 16 ಲಾಭ ಅನ್ನುವುದು ಕೇಳಲು ಸರಿಯಾಗಿಯೇ ಇದೆ. ಆದರೆ ಲಾಭ ಎಷ್ಟು ಅಂತ ಹೇಳುವವರು ಯಾರು? ಕಂಪನಿಯವರೇ. ಲೆಕ್ಕದ ಪುಸ್ತಕ ನೋಡಲು ಇರಾನಿಗೆ ಬಿಡುತ್ತಿರಲಿಲ್ಲ. ಬ್ರಿಟಿಷ್ ನೌಕಾಪಡೆಗೆ ಎಣ್ಣೆ ಕಡಿಮೆ ದರದಲ್ಲಿ ಹೋಗುತ್ತಿತ್ತು. ಆ ರಿಯಾಯಿತಿ ಎಷ್ಟು ಅನ್ನುವುದೂ ಗುಟ್ಟು. ಅದರ ಮೇಲೆ ಬ್ರಿಟಿಷ್ ಸರ್ಕಾರ ಕಂಪನಿಯಿಂದ ತೆರಿಗೆ ಹಿಡಿಯುತ್ತಿತ್ತು. ಕೊನೆಯ ವರ್ಷಗಳಲ್ಲಿ, ಎಣ್ಣೆ ಇದ್ದ ದೇಶಕ್ಕೆ ಸಿಕ್ಕ ರಾಯಧನಕ್ಕಿಂತ ಲಂಡನ್ನಿನ ಖಜಾನೆಗೆ ಸೇರಿದ ತೆರಿಗೆಯೇ ಜಾಸ್ತಿ. ಒಂದು ಹೊಲದ ಯಜಮಾನನಿಗೆ ಸಿಗುವ ಪಾಲಿಗಿಂತ ಗೇಣಿದಾರನ ಅಣ್ಣನಿಗೆ ಹೆಚ್ಚು ಸಿಕ್ಕಿದರೆ ಹೇಗೆ, ಹಾಗೆ.

ನಡುವೆ 1933ರಲ್ಲಿ ಒಪ್ಪಂದ ಒಮ್ಮೆ ತಿದ್ದುಪಡಿ ಆಯಿತು. ಆಗ ಗದ್ದುಗೆಯಲ್ಲಿದ್ದವನು ರೆಝಾ ಶಾ. ಸೈನಿಕನಾಗಿ ಬಂದು 1921ರಲ್ಲಿ ಅಧಿಕಾರ ಕಿತ್ತುಕೊಂಡು, 1925ರಲ್ಲಿ ರಾಜನಾದವನು. ಪಹ್ಲವಿ ವಂಶ ಅವನಿಂದ ಶುರು. ಅವನು ಹಳೆ ಗುತ್ತಿಗೆಯನ್ನು ರದ್ದು ಮಾಡಿದ. ಕೊನೆಗೆ ಹೊಸದಕ್ಕೆ ಸಹಿ ಹಾಕಿದ. ಸ್ವಲ್ಪ ಹಣ ಹೆಚ್ಚಾಯಿತು, ಆದರೆ ಅವಧಿ 1993ರವರೆಗೆ ಎಳೆಯಿತು. ಎರಡನೇ ಮಹಾಯುದ್ಧ ಬಂತು. 1941ರಲ್ಲಿ ಬ್ರಿಟನ್ ಮತ್ತು ಸೋವಿಯತ್ ಸೇನೆಗಳು ಇರಾನಿಗೆ ನುಗ್ಗಿ ರೆಝಾ ಶಾನನ್ನು ಇಳಿಸಿದವು. ಅವನ 21 ವರ್ಷದ ಮಗ ಮೊಹಮ್ಮದ್ ರೆಝಾ ಗದ್ದುಗೆ ಏರಿದ. ಅಪ್ಪನನ್ನು ಹೊರಗಿನವರು ಒಂದೇ ತಿಂಗಳಲ್ಲಿ ಇಳಿಸಿದ್ದನ್ನು ಕಣ್ಣಾರೆ ಕಂಡ ಹುಡುಗ ಅವನು. ಮುಂದೆ ಅವನು ನಡೆದುಕೊಂಡ ರೀತಿಯಲ್ಲಿ ಈ ಭಯ ಎದ್ದು ಕಾಣುತ್ತದೆ.

ಹಾಸಿಗೆಯಿಂದ ಆಳಿದ ಮುದುಕ

ಮೊಸಾದೆಗ್ ಹುಟ್ಟಿದ್ದು 1882ರಲ್ಲಿ. ತಾಯಿ ರಾಜಮನೆತನದವರು, ತಂದೆ ಹಣಕಾಸಿನ ದೊಡ್ಡ ಅಧಿಕಾರಿ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲಿನಲ್ಲಿ ಕಾನೂನು ಓದಿ ಡಾಕ್ಟರೇಟ್ ಪಡೆದವರು. ರೆಝಾ ಖಾನ್ ರಾಜನಾಗಲು ಹೊರಟಾಗ ಮಜ್ಲಿಸ್‌ನಲ್ಲಿ ಎದ್ದುನಿಂತು ಬೇಡ ಅಂದ ಕೆಲವೇ ಜನರಲ್ಲಿ ಒಬ್ಬರು. ಆಮೇಲೆ ಜೈಲು, ಹಳ್ಳಿಯಲ್ಲಿ ಬಂಧನ. ಆರೋಗ್ಯ ಯಾವತ್ತೂ ನೆಟ್ಟಗಿರಲಿಲ್ಲ. ಭಾಷಣ ಮಾಡುವಾಗ ಕಣ್ಣೀರು ಬರುತ್ತಿತ್ತು, ಕೆಲವೊಮ್ಮೆ ಕುಸಿದು ಬೀಳುತ್ತಿದ್ದರು. ಪ್ರಧಾನಿಯಾದ ಮೇಲೂ ಪೈಜಾಮಾದಲ್ಲಿ, ಹಾಸಿಗೆಯ ಮೇಲೆ ಕೂತೇ ರಾಯಭಾರಿಗಳ ಜೊತೆ ಮಾತಾಡುತ್ತಿದ್ದರು. ಪಶ್ಚಿಮದ ಪತ್ರಿಕೆಗಳು ಇದನ್ನು ಆಡಿಕೊಂಡವು. ಇರಾನಿನ ಜನರಿಗೆ ಅದು ಹಾಗೆ ಕಾಣಲಿಲ್ಲ. ಲಂಚ ಮುಟ್ಟದ, ಹೆದರದ ಹಿರಿಯರೊಬ್ಬರು ದೇಶಕ್ಕಾಗಿ ಅಳುತ್ತಿದ್ದಾರೆ ಅಂತ ಕಂಡಿತು.

1949ರಲ್ಲಿ ಅವರು ರಾಷ್ಟ್ರೀಯ ರಂಗ ಅನ್ನುವ ಕೂಟ ಕಟ್ಟಿದರು. ಮರುವರ್ಷ ಮಜ್ಲಿಸ್‌ನ ತೈಲ ಸಮಿತಿಗೆ ಅಧ್ಯಕ್ಷರಾದರು. ಕಂಪನಿ ಕೊಟ್ಟ ಹೊಸ ಒಪ್ಪಂದವನ್ನು ಸಮಿತಿ ತಿರಸ್ಕರಿಸಿತು. ಅದೇ 1950ರ ಡಿಸೆಂಬರಿನಲ್ಲಿ ಪಕ್ಕದ ಸೌದಿ ಅರೇಬಿಯಾಕ್ಕೆ ಅಮೆರಿಕದ ಅರಾಮ್ಕೊ ಕಂಪನಿ ಅರ್ಧಕ್ಕರ್ಧ ಲಾಭ ಹಂಚಿಕೊಳ್ಳಲು ಒಪ್ಪಿತು. ಬ್ರಿಟಿಷ್ ಕಂಪನಿ ಮೊದಲೇ ಇಷ್ಟಕ್ಕೆ ಒಪ್ಪಿದ್ದರೆ ಬಹುಶಃ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಅವರು ಒಪ್ಪುವ ಹೊತ್ತಿಗೆ ಕಾಲ ಮೀರಿತ್ತು. 1951ರ ಮಾರ್ಚ್ 7ರಂದು, ರಾಷ್ಟ್ರೀಕರಣ ಬೇಡ ಅಂತಿದ್ದ ಪ್ರಧಾನಿ ರಝ್ಮಾರಾ ಅವರನ್ನು ಧಾರ್ಮಿಕ ಉಗ್ರ ಗುಂಪಿನವನೊಬ್ಬ ಗುಂಡಿಟ್ಟು ಕೊಂದ. ಅದೇ ತಿಂಗಳು ಮಜ್ಲಿಸ್ ತೈಲ ರಾಷ್ಟ್ರೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಏಪ್ರಿಲ್ 28ರಂದು ಮೊಸಾದೆಗ್ ಪ್ರಧಾನಿಯಾದರು.

ಕಿತ್ತುಕೊಂಡರು ಅಂತ ಲಂಡನ್ ಕೂಗಿತು. ಆದರೆ ಪರಿಹಾರ ಕೊಡುತ್ತೇವೆ ಅಂತ ಕಾನೂನಿನಲ್ಲೇ ಬರೆದಿತ್ತು. ತೈಲದ ಆದಾಯದಲ್ಲಿ ಕಾಲು ಭಾಗದವರೆಗೆ ಅದಕ್ಕಾಗಿ ಬ್ಯಾಂಕಿನಲ್ಲಿ ತೆಗೆದಿಡಬಹುದು ಅಂತಲೂ ಇತ್ತು. ನಿಜವಾದ ಜಗಳ ಪರಿಹಾರದ ಲೆಕ್ಕದ್ದು. ಯಂತ್ರ, ಪೈಪು, ಕಟ್ಟಡಗಳ ಬೆಲೆ ಕೊಡುತ್ತೇವೆ ಅಂದಿತು ಇರಾನ್. ನಮಗೆ 1993ರವರೆಗೆ ಬರಬೇಕಿದ್ದ ಲಾಭವನ್ನೂ ಸೇರಿಸಬೇಕು ಅಂದಿತು ಬ್ರಿಟನ್. ಅಷ್ಟು ಕೊಟ್ಟರೆ ರಾಷ್ಟ್ರೀಕರಣದಿಂದ ಉಳಿಯುವುದೇನು? ಇನ್ನೊಂದು ಮಾತು. ಆಗ ಬ್ರಿಟನ್ನಿನಲ್ಲಿದ್ದ ಲೇಬರ್ ಸರ್ಕಾರ 1947ರಲ್ಲಿ ತನ್ನದೇ ಕಲ್ಲಿದ್ದಲು ಗಣಿಗಳನ್ನು ರಾಷ್ಟ್ರೀಕರಣ ಮಾಡಿತ್ತು. ತನ್ನ ನೆಲದಲ್ಲಿ ಸರಿಯಾದದ್ದು ಅಬಾದಾನಿನಲ್ಲಿ ಹೇಗೆ ತಪ್ಪಾಯಿತು ಅಂತ ಇರಾನ್ ಕೇಳಿದ್ದು ನ್ಯಾಯವೇ ಅಲ್ವಾ?

ನ್ಯೂಯಾರ್ಕ್, ಹೇಗ್, ಮತ್ತು ಮಂಗಳೂರಿನ ಒಬ್ಬರು

ಬ್ರಿಟನ್ ಮೊದಲು ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯದ ಮಧ್ಯಂತರ ಆದೇಶವನ್ನು ಇರಾನ್ ಪಾಲಿಸುತ್ತಿಲ್ಲ ಅಂತ 1951ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಮೊಸಾದೆಗ್ ಸ್ವತಃ ನ್ಯೂಯಾರ್ಕಿಗೆ ಹಾರಿದರು.

ಆ ಮಂಡಳಿಯಲ್ಲಿ ಆಗ ಭಾರತವೂ ಸದಸ್ಯ. ಭಾರತದ ಪರವಾಗಿ ಕೂತಿದ್ದವರು ಬೆನಗಲ್ ನರಸಿಂಗ ರಾವ್. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು, ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ ಸಂವಿಧಾನದ ಮೊದಲ ಕರಡು ತಯಾರಿಸಿದವರು. ಬ್ರಿಟನ್ನಿನ ನಿರ್ಣಯವನ್ನು ಮೆತ್ತಗೆ ಮಾಡುವ ತಿದ್ದುಪಡಿಗಳನ್ನು ಭಾರತ ಮತ್ತು ಯುಗೊಸ್ಲಾವಿಯಾ ಸೇರಿ ತಂದವು. ಕೊನೆಗೆ ಮಂಡಳಿ, ಮೊದಲು ಈ ಪ್ರಕರಣ ಕೇಳುವ ಅಧಿಕಾರ ತನಗೆ ಇದೆಯೇ ಅಂತ ನ್ಯಾಯಾಲಯವೇ ಹೇಳಲಿ, ಆಮೇಲೆ ನೋಡೋಣ ಅಂತ ಚರ್ಚೆ ಮುಂದೂಡಿತು. ಬ್ರಿಟನ್ನಿಗೆ ಇದು ಸೋಲು.

ಸ್ವಲ್ಪ ದಿನದಲ್ಲೇ ರಾಯರು ಅದೇ ಹೇಗ್ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಹೋದರು. ಇರಾನಿನ ಪ್ರಕರಣ ವಿಚಾರಣೆಗೆ ಬಂದಾಗ ಅವರು ಪೀಠದಿಂದ ಹಿಂದೆ ಸರಿದರು. ಭದ್ರತಾ ಮಂಡಳಿಯಲ್ಲಿ ಇದೇ ವಿಷಯದಲ್ಲಿ ಭಾರತವನ್ನು ಪ್ರತಿನಿಧಿಸಿದ್ದೆ, ಹಾಗಾಗಿ ತೀರ್ಪಿನಲ್ಲಿ ಕೂರುವುದು ಸರಿಯಲ್ಲ ಅಂದರು. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಸಣ್ಣ ಘಟನೆ ಇದು. ಕಾನೂನನ್ನು ಗೌರವಿಸುವುದು ಹೇಗಿರುತ್ತದೆ ಅಂತ ಇದರಲ್ಲಿ ಕಾಣುತ್ತದೆ.

1952ರ ಜುಲೈ 22ರಂದು ತೀರ್ಪು ಬಂತು. ಗುತ್ತಿಗೆ ಒಂದು ಸರ್ಕಾರ ಮತ್ತು ಒಂದು ಕಂಪನಿಯ ನಡುವಿನದು, ಎರಡು ದೇಶಗಳ ನಡುವಿನ ಒಪ್ಪಂದ ಅಲ್ಲ, ನಮಗೆ ಇದನ್ನು ಕೇಳುವ ಅಧಿಕಾರವಿಲ್ಲ ಅಂತ 9ಕ್ಕೆ 5 ಮತಗಳಿಂದ ನ್ಯಾಯಾಲಯ ಹೇಳಿತು. ಆ ಒಂಬತ್ತರಲ್ಲಿ ಬ್ರಿಟನ್ನಿನವರೇ ಆದ ನ್ಯಾಯಾಧೀಶ ಅರ್ನಾಲ್ಡ್ ಮೆಕ್‌ನೇರ್ ಕೂಡ ಒಬ್ಬರು.

ಕಾನೂನಿನಲ್ಲಿ ಗೆದ್ದರೂ ಇರಾನಿನ ಹೊಟ್ಟೆ ತುಂಬಲಿಲ್ಲ. ಬ್ರಿಟಿಷ್ ತಂತ್ರಜ್ಞರು 1951ರ ಅಕ್ಟೋಬರಿನಲ್ಲೇ ಅಬಾದಾನ್ ಬಿಟ್ಟಿದ್ದರು. ಇರಾನಿನ ಎಣ್ಣೆ ಕೊಂಡರೆ ಅದು ಕದ್ದ ಮಾಲು, ಕೇಸು ಹಾಕುತ್ತೇವೆ ಅಂತ ಕಂಪನಿ ಜಗತ್ತಿಗೆಲ್ಲ ಎಚ್ಚರಿಕೆ ಕೊಟ್ಟಿತು. 1952ರಲ್ಲಿ ರೋಸ್ ಮೇರಿ ಅನ್ನುವ ಹಡಗು ಇರಾನಿನ ಎಣ್ಣೆ ತುಂಬಿಕೊಂಡು ಹೊರಟಾಗ ಬ್ರಿಟಿಷರು ಅದನ್ನು ಏಡನ್ ಬಂದರಿಗೆ ಹೊಗಿಸಿ ಹಿಡಿದರು. ಆಮೇಲೆ ಧೈರ್ಯ ಮಾಡಿದವರು ಬೆರಳೆಣಿಕೆ. ಕುವೈತ್, ಸೌದಿ, ಇರಾಕ್ ಬಾವಿಗಳಿಂದ ಹೆಚ್ಚು ಎತ್ತಿದ್ದರಿಂದ ಜಗತ್ತಿಗೆ ಎಣ್ಣೆಯ ಕೊರತೆಯೂ ಆಗಲಿಲ್ಲ. ದೊಡ್ಡ ತೈಲ ಕಂಪನಿಗಳೆಲ್ಲ ಒಂದೇ ಕಡೆ ನಿಂತಾಗ ಒಂದು ಬಡ ದೇಶ ಏನು ತಾನೇ ಮಾಡೀತು?

ಅಮೆರಿಕ ಬಂದದ್ದು ಹೇಗೆ

ಇಲ್ಲಿ ಒಂದು ವಿಷಯ ಬಹಳ ಜನ ಮರೆಯುತ್ತಾರೆ. ಅಲ್ಲಿಯವರೆಗೆ ಇರಾನಿನ ಜನ ಅಮೆರಿಕವನ್ನು ಗೆಳೆಯ ಅಂತಲೇ ನಂಬಿದ್ದರು. ಅಧ್ಯಕ್ಷ ಟ್ರೂಮನ್ ಸರ್ಕಾರ ಎರಡೂ ಕಡೆಯವರನ್ನು ರಾಜಿ ಮಾಡಿಸಲು ಓಡಾಡಿತು. ಮೊಸಾದೆಗ್ ಅವರನ್ನು ಇಳಿಸಲು ಬ್ರಿಟನ್ ಕೇಳಿದ ಸಹಾಯಕ್ಕೆ ಅದು ಕೈ ಜೋಡಿಸಲಿಲ್ಲ.

1952ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಒಳಸಂಚು ವಾಸನೆ ಹಿಡಿದ ಮೊಸಾದೆಗ್ ರಾಜತಾಂತ್ರಿಕ ಸಂಬಂಧವನ್ನೇ ಕಡಿದರು. ಬ್ರಿಟಿಷ್ ಗೂಢಚಾರರು ದೇಶ ಬಿಡಬೇಕಾಯಿತು. ಇನ್ನು ಕೆಲಸ ನಡೆಯಬೇಕಾದರೆ ಅಮೆರಿಕದವರ ಕೈಯಿಂದಲೇ ಆಗಬೇಕು. ನವೆಂಬರಿನಲ್ಲಿ ಬ್ರಿಟಿಷ್ ಗುಪ್ತಚರ ಅಧಿಕಾರಿ ವುಡ್‌ಹೌಸ್ ವಾಷಿಂಗ್ಟನ್ನಿಗೆ ಹೋದರು. ನಮ್ಮ ಎಣ್ಣೆ ಕಂಪನಿ ವಾಪಸ್ ಬೇಕು ಅಂದರೆ ಅಮೆರಿಕದವರು ಕಿವಿಗೊಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಇರಾನ್ ಕಮ್ಯುನಿಸ್ಟರ ಪಾಲಾಗುತ್ತದೆ ಅನ್ನುವ ಮಾತನ್ನು ಮುಂದಿಟ್ಟರು. ಇರಾನಿನಲ್ಲಿ ತೂದೆ ಅನ್ನುವ ಕಮ್ಯುನಿಸ್ಟ್ ಪಕ್ಷ ಇತ್ತು, ಸೇನೆಯೊಳಗೂ ಅದರ ಜನ ಇದ್ದರು. ಕೊರಿಯಾದಲ್ಲಿ ಯುದ್ಧ ನಡೆಯುತ್ತಿತ್ತು. 1953ರ ಜನವರಿಯಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾದರು. ಜಾನ್ ಫಾಸ್ಟರ್ ಡಲೆಸ್ ವಿದೇಶಾಂಗ ಮಂತ್ರಿ, ಅವರ ತಮ್ಮ ಅಲೆನ್ ಡಲೆಸ್ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಮುಖ್ಯಸ್ಥ. ಈ ಹೊಸ ಸರ್ಕಾರ ಒಪ್ಪಿತು. ಏಪ್ರಿಲ್ ತಿಂಗಳಲ್ಲಿ 10 ಲಕ್ಷ ಡಾಲರ್ ಮಂಜೂರಾಯಿತು. ಮೊಸಾದೆಗ್ ಇಳಿಯಬೇಕು, ಹೇಗೆ ಬೇಕಾದರೂ ಖರ್ಚು ಮಾಡಿ ಅಂತ. ಕಾರ್ಯಾಚರಣೆಗೆ ಅಮೆರಿಕದವರು ಇಟ್ಟ ಹೆಸರು ಅಜಾಕ್ಸ್. ನಡೆಸಿದವರು ಕರ್ಮಿಟ್ ರೂಸ್‌ವೆಲ್ಟ್, ಹಿಂದಿನ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರ ಮೊಮ್ಮಗ.

ಮೊಸಾದೆಗ್ ಕಡೆಯ ತಪ್ಪುಗಳನ್ನೂ ಹೇಳಲೇಬೇಕು. ಹಣವಿಲ್ಲದ ಸರ್ಕಾರ ನೋಟು ಅಚ್ಚು ಹಾಕಿತು, ಬೆಲೆ ಏರಿತು. ಜೊತೆಯಲ್ಲಿದ್ದ ಧರ್ಮಗುರು ಕಾಶಾನಿ ಮುನಿಸಿಕೊಂಡು ದೂರವಾದರು. ಮೊಸಾದೆಗ್ ಸಂಸತ್ತಿನಿಂದ ವಿಶೇಷ ಅಧಿಕಾರ ಪಡೆದು, ಮತ್ತೆ ಅದನ್ನು ಒಂದು ವರ್ಷಕ್ಕೆ ವಿಸ್ತರಿಸಿಕೊಂಡರು. 1953ರ ಆಗಸ್ಟಿನಲ್ಲಿ ಮಜ್ಲಿಸ್ ವಿಸರ್ಜಿಸಲು ಜನಮತ ಕೇಳಿದರು. ಹೌದು ಅನ್ನುವವರಿಗೊಂದು ಪೆಟ್ಟಿಗೆ, ಬೇಡ ಅನ್ನುವವರಿಗೆ ಬೇರೆ ಪೆಟ್ಟಿಗೆ. ಯಾರು ಏನು ಹಾಕಿದರು ಅಂತ ಎಲ್ಲರಿಗೂ ಕಾಣುತ್ತಿತ್ತು. ನೂರಕ್ಕೆ 99ಕ್ಕಿಂತ ಜಾಸ್ತಿ ಹೌದು ಬಂತು. ಜೀವನಪೂರ್ತಿ ಕಾನೂನಿನ ಪರ ನಿಂತವರು ಹೀಗೆ ಮಾಡಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ. ಸಿಐಎ ಹಣ ಆಗಲೇ ಮಜ್ಲಿಸ್ ಸದಸ್ಯರ ಜೇಬು ಸೇರುತ್ತಿತ್ತು ಅನ್ನುವುದೂ ನಿಜ. ಆದರೂ ಆ ಎರಡು ಪೆಟ್ಟಿಗೆಗಳು ಅವರ ಶತ್ರುಗಳಿಗೆ ಒಳ್ಳೆಯ ಆಯುಧ ಕೊಟ್ಟವು. ಮಜ್ಲಿಸ್ ಇಲ್ಲದಿದ್ದಾಗ ಪ್ರಧಾನಿಯನ್ನು ತೆಗೆಯುವ ಹಕ್ಕು ರಾಜನಿಗಿದೆ ಅಂತ ಅವರು ವಾದಿಸಿದರು.

ನಾಲ್ಕು ದಿನ

ಯೋಜನೆ ಹೀಗಿತ್ತು. ಮೊಸಾದೆಗ್ ಅವರನ್ನು ವಜಾ ಮಾಡಿ, ಜನರಲ್ ಝಾಹೇದಿಯನ್ನು ಪ್ರಧಾನಿ ಮಾಡುವ ಎರಡು ಫರ್ಮಾನುಗಳಿಗೆ ಶಾ ಸಹಿ ಹಾಕಬೇಕು. ಶಾ ಹೆದರಿದ್ದ. ಅವನ ಅವಳಿ ತಂಗಿ ಅಶ್ರಫ್, ಅಮೆರಿಕದ ಜನರಲ್ ಶ್ವಾರ್ಜ್‌ಕಾಫ್, ಕೊನೆಗೆ ಸ್ವತಃ ರೂಸ್‌ವೆಲ್ಟ್, ಒಬ್ಬರಾದ ಮೇಲೆ ಒಬ್ಬರು ಹೋಗಿ ಒತ್ತಾಯಿಸಿದರು. ಕೊನೆಗೆ ಸಹಿ ಬಿತ್ತು.

ಆಗಸ್ಟ್ 15ರ ನಡುರಾತ್ರಿ ಕರ್ನಲ್ ನಸ್ಸೀರಿ ಫರ್ಮಾನು ಹಿಡಿದು ಮೊಸಾದೆಗ್ ಮನೆಗೆ ಬಂದ. ಅಲ್ಲಿ ಮೊದಲೇ ಸುಳಿವು ಸಿಕ್ಕಿತ್ತು. ಬಂದವನನ್ನೇ ಹಿಡಿದು ಒಳಗೆ ಹಾಕಿದರು. ಬೆಳಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು. ಶಾ ವಿಮಾನ ಹತ್ತಿ ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿದ. ಯೋಜನೆ ಕೆಟ್ಟಿತು, ವಾಪಸ್ ಬನ್ನಿ ಅಂತ ವಾಷಿಂಗ್ಟನ್ನಿಂದ ಸಂದೇಶ ಬಂತು. ರೂಸ್‌ವೆಲ್ಟ್ ಹೊರಡಲಿಲ್ಲ.

ಮುಂದಿನ ಎರಡು ದಿನ ತೆಹ್ರಾನಿನ ಬೀದಿಗಳಲ್ಲಿ ಗುಂಪುಗಳು ಶಾನ ಪ್ರತಿಮೆಗಳನ್ನು ಉರುಳಿಸಿದವು. ಅವರಲ್ಲಿ ನಿಜವಾದ ತೂದೆಯವರಿದ್ದರು, ದುಡ್ಡು ಪಡೆದು ತೂದೆಯವರಂತೆ ಕೂಗಿದವರೂ ಇದ್ದರು. ಇನ್ನೇನು ಕಮ್ಯುನಿಸ್ಟರು ಬಂದೇ ಬಿಟ್ಟರು ಅನ್ನುವ ಭಯ ಅಂಗಡಿಯವರಲ್ಲಿ, ಧರ್ಮಗುರುಗಳಲ್ಲಿ ಹರಡಿತು. 18ರಂದು ಅಮೆರಿಕದ ರಾಯಭಾರಿ ಹೆಂಡರ್ಸನ್ ಮೊಸಾದೆಗ್ ಅವರನ್ನು ಕಂಡು, ನಮ್ಮ ಜನರಿಗೆ ಬೀದಿಯಲ್ಲಿ ತೊಂದರೆಯಾಗುತ್ತಿದೆ ಅಂತ ದೂರಿದರು. ಮೊಸಾದೆಗ್ ಬೀದಿಗಳನ್ನು ಖಾಲಿ ಮಾಡಿಸಲು ಪೊಲೀಸರಿಗೆ ಹೇಳಿದರು. ಅವರ ಬೆಂಬಲಿಗರೂ ಮನೆಯಲ್ಲೇ ಉಳಿದರು. ಮರುದಿನ ಬೇಕಾಗಿದ್ದ ಜನ ಅವರೇ.

19ರ ಬೆಳಗ್ಗೆ ದಕ್ಷಿಣ ತೆಹ್ರಾನಿನ ಬಜಾರಿನ ಕಡೆಯಿಂದ ಗುಂಪು ಹೊರಟಿತು. ಮುಂದೆ ಜೂರ್ಖಾನೆಗಳ ಪೈಲ್ವಾನರು. ಜೂರ್ಖಾನೆ ಅಂದರೆ ಅಲ್ಲಿಯ ಗರಡಿಮನೆ. ಅವರ ಹಿಂದೆ ಪುಡಿ ರೌಡಿಗಳು, ಆಮೇಲೆ ಮನಸಾರೆ ಶಾನ ಪರ ಇದ್ದ ಜನ, ಮಧ್ಯಾಹ್ನದ ಹೊತ್ತಿಗೆ ಸೇನೆಯ ಲಾರಿಗಳು, ಟ್ಯಾಂಕುಗಳು. ರೇಡಿಯೋ ಕೇಂದ್ರ ಕೈ ತಪ್ಪಿತು. ಸಂಜೆಯವರೆಗೆ ಮೊಸಾದೆಗ್ ಮನೆಯ ಸುತ್ತ ಕಾಳಗ. ಮೊಸಾದೆಗ್ ಹಿತ್ತಲ ಗೋಡೆ ದಾಟಿ ಪಾರಾದರು. ಮರುದಿನ ತಾವೇ ಶರಣಾದರು.

ಇದನ್ನು ಮಾಡಿದ್ದು ಸಿಐಎಯೋ, ಇರಾನಿನವರೇಯೋ? ಇತಿಹಾಸಕಾರರ ನಡುವೆ ಈ ವಾದ ಇನ್ನೂ ನಡೆದಿದೆ. ಕಾಶಾನಿಯ ಕಡೆಯವರು, ಬೇಸತ್ತ ವ್ಯಾಪಾರಿಗಳು, ರಾಜನಿಷ್ಠ ಸೇನಾಧಿಕಾರಿಗಳು ಇಲ್ಲದಿದ್ದರೆ ಒಂದು ಸೂಟ್‌ಕೇಸ್ ಡಾಲರ್‌ನಿಂದ ಏನೂ ಆಗುತ್ತಿರಲಿಲ್ಲ ಅನ್ನುವವರ ಮಾತಿನಲ್ಲಿ ತೂಕವಿದೆ. ಒಣಹುಲ್ಲು ಅಲ್ಲೇ ಇತ್ತು. ಆದರೆ ಎರಡು ವರ್ಷ ಎಣ್ಣೆ ಮಾರಲು ಬಿಡದೆ ಆ ಹುಲ್ಲನ್ನು ಒಣಗಿಸಿದವರು ಯಾರು? ಕಡ್ಡಿ ಗೀರಿದವರು ಯಾರು? ಇದಕ್ಕೆ ಉತ್ತರ ಅಮೆರಿಕದ ದಾಖಲೆಗಳಲ್ಲೇ ಇದೆ. 2013ರಲ್ಲಿ, ಘಟನೆಗೆ 60 ವರ್ಷ ತುಂಬಿದಾಗ ಹೊರಬಂದ ಸಿಐಎ ಕಾಗದಗಳು ಈ ಕ್ಷಿಪ್ರಕ್ರಾಂತಿ ಅಮೆರಿಕದ ವಿದೇಶಾಂಗ ನೀತಿಯ ಭಾಗವಾಗಿಯೇ ನಡೆಯಿತು ಅಂತ ಒಪ್ಪಿಕೊಂಡವು.

ಮಸೀದಿಯ ಬಾಗಿಲು ಮಾತ್ರ ತೆರೆದಿತ್ತು

ಶಾ ವಾಪಸ್ ಬಂದ. ಅಮೆರಿಕ ತಕ್ಷಣವೇ 4.5 ಕೋಟಿ ಡಾಲರ್ ನೆರವು ಕೊಟ್ಟಿತು. 1954ರಲ್ಲಿ ತೈಲಕ್ಕೆ ಹೊಸ ಜಂಟಿ ಕೂಟ ಬಂತು. ಬ್ರಿಟಿಷ್ ಕಂಪನಿಗೆ ನೂರಕ್ಕೆ 40, ಅಮೆರಿಕದ ಕಂಪನಿಗಳಿಗೆ 40, ಶೆಲ್‌ಗೆ 14, ಫ್ರೆಂಚ್ ಕಂಪನಿಗೆ 6. ಲಾಭದ ಅರ್ಧ ಇರಾನಿಗೆ. ಎಣ್ಣೆ ಇರಾನಿನದೇ ಅಂತ ಕಾಗದದಲ್ಲಿ ಉಳಿಯಿತು, ಎಷ್ಟು ತೆಗೆಯಬೇಕು ಅನ್ನುವ ತೀರ್ಮಾನ ಕೂಟದ ಕೈಯಲ್ಲೇ ಇತ್ತು. ಮೂರು ವರ್ಷ ಮೊದಲು ಇದೇ ಅರ್ಧವನ್ನು ಮನಸಾರೆ ಕೊಟ್ಟಿದ್ದರೆ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಆಮೇಲಿನ 25 ವರ್ಷ ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೊಸಾದೆಗ್ ಅವರ ವಿದೇಶಾಂಗ ಮಂತ್ರಿ ಹೊಸೈನ್ ಫಾತೆಮಿಯವರನ್ನು ಗುಂಡಿಟ್ಟು ಕೊಂದರು. ತೂದೆಯ ಜಾಲವನ್ನು ಬೇರು ಸಮೇತ ಕಿತ್ತರು. ರಾಷ್ಟ್ರೀಯ ರಂಗ ಮೂಲೆ ಸೇರಿತು. 1957ರಲ್ಲಿ ಸಾವಾಕ್ ಅನ್ನುವ ಗುಪ್ತ ಪೊಲೀಸ್ ಪಡೆ ಹುಟ್ಟಿತು. ಅದಕ್ಕೆ ತರಬೇತಿ ಕೊಟ್ಟವರಲ್ಲಿ ಸಿಐಎಯವರೂ ಇಸ್ರೇಲಿನವರೂ ಇದ್ದರು. 1975ರಲ್ಲಿ ಶಾ ದೇಶದಲ್ಲಿ ಒಂದೇ ಪಕ್ಷ ಸಾಕು ಅಂದ. ಪಕ್ಷ ಇಲ್ಲ, ಪತ್ರಿಕೆ ಇಲ್ಲ, ಸಂಘ ಇಲ್ಲ. ಆದರೆ ಪ್ರತಿ ಊರಿನಲ್ಲೂ ಮಸೀದಿ ಇತ್ತು. ಅದನ್ನು ಮುಚ್ಚಿಸುವುದು ಶಾನಿಂದಲೂ ಆಗುವ ಕೆಲಸವಲ್ಲ. ಜನ ಸೇರಲು, ಮಾತಾಡಲು, ದುಃಖ ಹೇಳಿಕೊಳ್ಳಲು ಉಳಿದ ಜಾಗ ಅದೊಂದೇ.

ಖೊಮೇನಿ ದೊಡ್ಡವರಾದದ್ದು ಈ ಖಾಲಿ ಜಾಗದಲ್ಲಿ. 1964ರಲ್ಲಿ ಇರಾನಿನಲ್ಲಿರುವ ಅಮೆರಿಕದ ಸೇನಾ ಸಿಬ್ಬಂದಿಯನ್ನು ಇರಾನಿನ ಕೋರ್ಟು ವಿಚಾರಿಸುವಂತಿಲ್ಲ ಅನ್ನುವ ಕಾನೂನು ಬಂತು. ಖೊಮೇನಿ ಇದರ ವಿರುದ್ಧ ಗುಡುಗಿದರು. ಅಮೆರಿಕದ ಅಡುಗೆಯವನೊಬ್ಬ ನಮ್ಮ ದೊಡ್ಡ ಗುರುವನ್ನು ಕೊಂದರೂ ಕೇಳುವ ಹಕ್ಕು ನಮಗಿಲ್ಲ ಅನ್ನುವ ಅರ್ಥದ ಅವರ ಮಾತು ಮನೆಮನೆಗೆ ತಲುಪಿತು. ಆ ನವೆಂಬರಿನಲ್ಲೇ ಅವರನ್ನು ಗಡಿಪಾರು ಮಾಡಿದರು. ಮೊಸಾದೆಗ್ ಹಿಡಿದಿದ್ದ ಸ್ವಾಭಿಮಾನದ ಬಾವುಟ ಈಗ ಒಬ್ಬ ಧರ್ಮಗುರುವಿನ ಕೈಯಲ್ಲಿತ್ತು.

1978ರಲ್ಲಿ ದೇಶ ಸಿಡಿಯಿತು. ಅಬಾದಾನಿನ ತೈಲ ಕಾರ್ಮಿಕರು ಮುಷ್ಕರಕ್ಕೆ ಇಳಿದಾಗ ಶಾನ ಬೆನ್ನು ಮುರಿಯಿತು. 1979ರ ಜನವರಿ 16ರಂದು ಅವನು ದೇಶ ಬಿಟ್ಟ. ಫೆಬ್ರವರಿ 1ರಂದು ಖೊಮೇನಿ ಬಂದಿಳಿದರು.

ಹಳೆಯ ದಾರಿ ಆಗ ಒಂದು ಕ್ಷಣ ಮತ್ತೆ ತೆರೆಯಿತು. ಕ್ರಾಂತಿಯ ನಂತರದ ಮೊದಲ ಪ್ರಧಾನಿ ಮೆಹದಿ ಬಝರ್ಗಾನ್. 1951ರಲ್ಲಿ ಅಬಾದಾನಿನ ತೈಲೋದ್ಯಮವನ್ನು ವಹಿಸಿಕೊಳ್ಳಲು ಮೊಸಾದೆಗ್ ಕಳಿಸಿದ ಇಂಜಿನಿಯರ್ ಇವರೇ. 1979ರ ಅಕ್ಟೋಬರ್ 22ರಂದು ಕ್ಯಾನ್ಸರ್ ಆಗಿದ್ದ ಶಾನನ್ನು ಅಮೆರಿಕ ಚಿಕಿತ್ಸೆಗೆ ಒಳಗೆ ಬಿಟ್ಟುಕೊಂಡಿತು. ತೆಹ್ರಾನಿನ ವಿದ್ಯಾರ್ಥಿಗಳಿಗೆ ತಕ್ಷಣ ನೆನಪಾದದ್ದು 28 ಮೊರ್ದಾದ್. ಅವತ್ತೂ ಶಾ ಓಡಿಹೋಗಿದ್ದ, ಅವತ್ತೂ ಅವನನ್ನು ವಾಪಸ್ ಕರೆತಂದ ಕೆಲಸ ನಡೆದದ್ದು ಇದೇ ರಾಯಭಾರ ಕಚೇರಿಯ ಜನರಿಂದ. ನವೆಂಬರ್ 1ರಂದು ಬಝರ್ಗಾನ್ ಅಲ್ಜಿಯರ್ಸಿನಲ್ಲಿ ಅಮೆರಿಕದ ಭದ್ರತಾ ಸಲಹೆಗಾರ ಬ್ರೆಜಿನ್‌ಸ್ಕಿಯವರ ಜೊತೆ ಕೂತು ಮಾತಾಡಿದ್ದು ಅನುಮಾನಕ್ಕೆ ತುಪ್ಪ ಸುರಿಯಿತು. 4ರಂದು ವಿದ್ಯಾರ್ಥಿಗಳು ಗೋಡೆ ಹಾರಿದರು. ಆ ಕಟ್ಟಡಕ್ಕೆ ಅವರು ಕೊಟ್ಟ ಹೆಸರು ಗೂಢಚಾರರ ಗೂಡು. ಎರಡು ದಿನದಲ್ಲಿ ಬಝರ್ಗಾನ್ ರಾಜೀನಾಮೆ ಕೊಟ್ಟರು.

ಒತ್ತೆಯಾಳುಗಳಿಗೆ ಏನೂ ತಪ್ಪಿಲ್ಲದೆ ಶಿಕ್ಷೆಯಾಯಿತು. ಅದನ್ನು ಯಾರೂ ಸಮರ್ಥಿಸಬಾರದು. ಆದರೆ ಅಮೆರಿಕದ ಜನರಿಗೆ ಯಾಕೆ ಹೀಗಾಯಿತು ಅಂತಲೇ ತಿಳಿಯಲಿಲ್ಲ. 1953ರಲ್ಲಿ ತಮ್ಮ ಸರ್ಕಾರ ಮಾಡಿದ್ದನ್ನು ಅವರಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. 1980ರ ಫೆಬ್ರವರಿಯಲ್ಲಿ ಪತ್ರಕರ್ತರೊಬ್ಬರು 1953ರ ಬಗ್ಗೆ ಕೇಳಿದಾಗ ಅಧ್ಯಕ್ಷ ಕಾರ್ಟರ್, ಅದೆಲ್ಲ ಪುರಾತನ ಇತಿಹಾಸ ಅಂದರು. ಆಗ ಆಗಿದ್ದದ್ದು 27 ವರ್ಷ. ತೆಹ್ರಾನಿನಲ್ಲಿ ಅದನ್ನು ಕಣ್ಣಾರೆ ಕಂಡವರು ಇನ್ನೂ ನಡುವಯಸ್ಸಿನಲ್ಲಿದ್ದರು.

ಮೊಸಾದೆಗ್ ಮೂರು ವರ್ಷ ಜೈಲಿನಲ್ಲಿದ್ದು, ಉಳಿದ ಕಾಲವನ್ನು ತೆಹ್ರಾನಿನ ಪಶ್ಚಿಮಕ್ಕಿರುವ ಅಹ್ಮದಾಬಾದ್ ಹಳ್ಳಿಯ ತಮ್ಮ ಮನೆಯಲ್ಲಿ ಬಂಧಿಯಾಗಿ ಕಳೆದರು. 1967ರ ಮಾರ್ಚ್ 5ರಂದು ತೀರಿಕೊಂಡರು. 1952ರ ಜುಲೈನಲ್ಲಿ ಶಾ ಜೊತೆ ಜಗಳವಾಗಿ ತಾವು ರಾಜೀನಾಮೆ ಕೊಟ್ಟಾಗ ತಮ್ಮ ಪರವಾಗಿ ಬೀದಿಗಿಳಿದು ಗುಂಡೇಟಿಗೆ ಸತ್ತವರ ಪಕ್ಕದಲ್ಲಿ ತಮ್ಮನ್ನು ಮಣ್ಣು ಮಾಡಿ ಅಂತ ಅವರು ಕೇಳಿದ್ದರು. ಶಾ ಬಿಡಲಿಲ್ಲ. ಮನೆಯ ಊಟದ ಕೋಣೆಯ ನೆಲ ಅಗೆದು ಅಲ್ಲೇ ಮಣ್ಣು ಮಾಡಿದರು. 1979ರಲ್ಲಿ, ಕ್ರಾಂತಿಯಾದ ತಿಂಗಳೊಳಗೆ, ಅವರ ಪುಣ್ಯತಿಥಿಗೆ ಆ ಹಳ್ಳಿಗೆ ಜನಸಾಗರವೇ ಹರಿದುಬಂತು.

ತೆಹ್ರಾನಿನ ಅತಿ ಉದ್ದದ ರಸ್ತೆಗೆ ಶಾನ ಕಾಲದಲ್ಲಿ ಪಹ್ಲವಿ ಅಂತ ಹೆಸರಿತ್ತು. ಕ್ರಾಂತಿಯಾದಾಗ ಜನ ಅದಕ್ಕೆ ಮೊಸಾದೆಗ್ ಅಂತ ಹೆಸರಿಟ್ಟರು. ಹೊಸ ಆಡಳಿತ ಗಟ್ಟಿಯಾದ ಮೇಲೆ ಆ ಹೆಸರೂ ಹೋಯಿತು, ಧಾರ್ಮಿಕ ಹೆಸರು ವಲಿ-ಎ-ಅಸ್ರ್ ಬಂತು. 2018ರಲ್ಲಿ ನಗರದ ಕೌನ್ಸಿಲ್ ಬೇರೊಂದು ಸಣ್ಣ ಬೀದಿಗೆ ಮೊಸಾದೆಗ್ ಹೆಸರಿಡಲು ಒಪ್ಪಿತು. ಅಲ್ಲಿಯವರೆಗೆ ಆ ಬೀದಿಯ ಹೆಸರು ನಫ್ತ್. ಫಾರ್ಸಿಯಲ್ಲಿ ಹಾಗೆಂದರೆ ಎಣ್ಣೆ.